ಹಳೇ ಹಂಚಿನ ಮನೆ ರಿಪೇರಿ, ಅದರೊಳಗೇ ವಾಸ: ಚಳಿಗಾಲದಲ್ಲಿ ಮುಗಿಸಿದವರು ಅನುಭವ ಹೇಳಿ

ಹಿರಿಯಡ್ಕದ ಹೊಸಬ
ಒಂದೂವರೆ ಎಕರೆ ತೋಟ, ಅಜ್ಜನ ಕಾಲದ ಹಂಚಿನ ಮನೆ. ದೀಪಾವಳಿ ಕಳೆದ ಮೇಲೆ ರಿಪೇರಿ ಶುರು ಮಾಡಿದೆ, ಅರ್ಧಕ್ಕೆ ನಿಂತಿದೆ. ಬಾಕಿ ಇರುವುದು ಮಾಡಿನ ರೀಪು (ಹಂಚು ಕೂರುವ ಮರದ ಪಟ್ಟಿ), ಅಡುಗೆಮನೆ ನೆಲ, ಬಚ್ಚಲು. ಮನೆಯಲ್ಲಿ 78 ವರ್ಷದ ಅಮ್ಮ, ನಾವಿಬ್ಬರು, ಹಟ್ಟಿಯಲ್ಲಿ ಎರಡು ದನ. ದನ ಬಿಟ್ಟು ಬಾಡಿಗೆ ಮನೆಗೆ ಹೋಗುವ ಹಾಗಿಲ್ಲ. ಮೊದಲು ಯಾವುದಕ್ಕೆ ಕೈ ಹಾಕಲಿ? ಫೆಬ್ರವರಿ ಒಳಗೆ ಮುಗಿಯುತ್ತದಾ?

ಬಂಟ್ವಾಳದ ತೋಟದವ
ಚಳಿಗಾಲದಲ್ಲಿ ಮಳೆ ಇಲ್ಲ ಅಂತ ನಂಬಿ ಕೆಟ್ಟವ ನಾನು. 2024ರ ನವೆಂಬರ್ ಕೊನೆಗೆ ಅರ್ಧ ಮಾಡಿನ ಹಂಚು ಇಳಿಸಿದೆ. ಡಿಸೆಂಬರ್ ಶುರುವಿಗೇ ಫೆಂಗಲ್ ಮಳೆ. ಚಂಡಮಾರುತ ದಡ ಮುಟ್ಟಿದ್ದು ಪುದುಚೇರಿ ಹತ್ತಿರ, ನೀರು ಸುರಿದದ್ದು ನಮ್ಮ ಹಾಸಿಗೆ ಮೇಲೆ. ಟಾರ್ಪಾಲು ನಡುವೆ ಹೊಟ್ಟೆ ಬಿಟ್ಟು ಜೋತಿತ್ತು. ಅಡಿಯಿಂದ ಕೋಲು ಹಾಕಿ ನೀರು ಚೆಲ್ಲಿಸಲು ಹೋದೆ, ಟಾರ್ಪಾಲೇ ತೂತಾಯಿತು. ಎರಡು ಕೊಡದಷ್ಟು ನೀರು ನನ್ನ ತಲೆಗೆ, ಉಳಿದದ್ದು ಟಿವಿಗೆ.

ಲೆಕ್ಕ ಕೇಳಿ. ಟಾರ್ಪಾಲು 6,800. ಟಿವಿ 31,000. ಜಗಲಿಯಲ್ಲಿದ್ದ 14 ಚೀಲ ಸಿಮೆಂಟು ಕಲ್ಲಾಯಿತು. ಅದು ಹೋಗಲಿ. ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿ 12 ದಿನ ಒಣಗಿತ್ತು. ಅದನ್ನು ಮುಚ್ಚಬೇಕಾದ ಟಾರ್ಪಾಲು ಮಾಡಿನ ಮೇಲೆ ಅಲ್ವಾ? ಆಮೇಲೆ ಒಣಗಿಸಿ ಅಂಗಡಿಗೆ ಒಯ್ದರೆ ಅರ್ಧಕ್ಕರ್ಧ ಕರಿಗೋಟು, ಅಂದರೆ ಕಪ್ಪಾದ ಕಳಪೆ ಅಡಿಕೆ ಅಂತ ಬದಿಗೆ ಹಾಕಿದರು. ಮನೆ ಬಜೆಟ್ಟು ಹಾಕುವಾಗ ಇದನ್ನು ಯಾರೂ ಬರೆಯುವುದಿಲ್ಲ.

ಕಾರ್ಕಳದ ಅಕ್ಕ
ನಾನು ಹೋದ ಜನವರಿಯಲ್ಲಿ ಅಡುಗೆಮನೆಗೆ ರೆಡ್ ಆಕ್ಸೈಡ್ ನೆಲ ಹಾಕಿಸಿದೆ. ಎಲ್ಲರೂ ಟೈಲ್ಸ್ ಹಾಕಿ ಅಂದರು. ನಾನು ಕೇಳಲಿಲ್ಲ. ಆ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗಲು ಎರಡು ತಿಂಗಳು ಕಾದೆ. ಬಂದವರಿಗೆ ವಯಸ್ಸು ಅರವತ್ತರ ಮೇಲೆ, ಮಂಡಿ ನೋವು. ದಿನಕ್ಕೆ 1,400, ಜೊತೆಗೆ ಎರಡು ಹೊತ್ತಿನ ಊಟ. ಇಡೀ ಕೋಣೆ ಒಂದೇ ಉಸಿರಿಗೆ ಮುಗಿಸಿದರು. ನಡುವೆ ಚಹಾಕ್ಕೆ ಎದ್ದರೆ ಗೆರೆ ಬೀಳುತ್ತದಂತೆ, ಲೋಟ ಕಿಟಕಿಯಿಂದ ಕೊಟ್ಟೆ.

ಅಲ್ಲಿಂದ 19 ದಿನ ನನ್ನ ಅಡುಗೆ ಹಟ್ಟಿಯ ಪಕ್ಕದ ಸೌದೆ ಕೊಟ್ಟಿಗೆಯಲ್ಲಿ. ಬೆಳಗ್ಗೆ ಮೂಡು ದಿಕ್ಕಿನ ಒಣ ಗಾಳಿ ಬೀಸುತ್ತದೆ ನೋಡಿ, ನೆಲ ಮೇಲಿಂದ ಬೇಗ ಆರುತ್ತದೆ. ಬಿರುಕು ಬಿಡುವುದೇ ಅದಕ್ಕೆ. ಮೊದಲ ರಾತ್ರಿ ಒದ್ದೆ ಗೋಣಿ, ಮರುದಿನದಿಂದ ಅಂಚು ಕಟ್ಟಿ ನೀರು ನಿಲ್ಲಿಸಿದೆ. ಬಾವಿ ನೀರು ಆಗಲೇ ಇಳಿದಿತ್ತು. ತೋಟಕ್ಕೆ ಒಂದು ಸರದಿ ನೀರು ತಪ್ಪಿಸಿ ನೆಲಕ್ಕೆ ಕುಡಿಸಿದೆ. ಅತ್ತೆಯವರು ಮೂರು ದಿನ ಮಾತಾಡಲಿಲ್ಲ.

ಅಷ್ಟೆಲ್ಲ ಕಾದರೂ ಗೋಣಿ ಹಾಕುವ ಮೊದಲೇ ಒಂದು ಹೇಂಟೆ ಒಳಗೆ ನುಗ್ಗಿತು. ಒಲೆಕಟ್ಟೆಯಿಂದ ಹಿತ್ತಿಲ ಬಾಗಿಲ ತನಕ ಹನ್ನೊಂದು ಹೆಜ್ಜೆ, ಒಂದೊಂದರಲ್ಲೂ ಬೆರಳು ಸ್ಪಷ್ಟ. ಮೇಸ್ತ್ರಿ ತಿದ್ದುತ್ತೇನೆ ಅಂದರು. ತೇಪೆ ಬೇರೆ ಬಣ್ಣ ಬರುತ್ತದೆ, ಬೇಡ ಅಂದೆ. ಈಗ ತೆಂಗಿನೆಣ್ಣೆ ಕುಡಿದು ನೆಲ ಹೊಳೆಯುತ್ತಿದೆ, ಹೆಜ್ಜೆಗಳೂ ಹೊಳೆಯುತ್ತಿವೆ.

ಸುರತ್ಕಲ್‌ನವ
ಅಕ್ಕಾ, ಬೇಜಾರು ಮಾಡಬೇಡಿ. ಈ ರೆಡ್ ಆಕ್ಸೈಡ್ ಹುಚ್ಚು ಸುಮ್ನೆ ಫೋಟೋಕ್ಕೆ. 19 ದಿನ ಹಟ್ಟಿಯಲ್ಲಿ ಅಡುಗೆಯಾ? ನನ್ನ ವಿಟ್ರಿಫೈಡ್ ಟೈಲ್ಸ್ ನಾಲ್ಕು ದಿನದಲ್ಲಿ ಮುಗಿಯಿತು.

ಕಾರ್ಕಳದ ಅಕ್ಕ
ಬೇಜಾರು ಮಾಡಬೇಡಿ ಅಂತ ಶುರು ಮಾಡಿದವರು ಬೇಜಾರು ಮಾಡದೆ ಬಿಡುವುದಿಲ್ಲ. ಇಲ್ಲಿಯೇ ಹಿಂದೆ ನೀವೇ ಬರೆದಿದ್ದಿರಲ್ಲ, ಟೈಲ್ಸ್ ಅಡಿ ಟೊಳ್ಳು ಟೊಳ್ಳು ಸದ್ದು ಬರುತ್ತಿದೆ ಅಂತ? ಹಳೇ ಮಣ್ಣಿನ ನೆಲ ದಮ್ಮಸು ಬಡಿದು ಗಟ್ಟಿ ಮಾಡದೆ ಮೇಲೆ ಅಂಟಿಸಿದರೆ ಇನ್ನೇನಾಗುತ್ತದೆ?

ಸುರತ್ಕಲ್‌ನವ
ಟೊಳ್ಳು ಬಂದದ್ದು ಎರಡೇ ಟೈಲ್ಸ್. ಆಮೇಲೆ ಏಳು. ಅದು ಕಂಟ್ರಾಕ್ಟಿಗೆ ಹಿಡಿದವನ ತಪ್ಪು, ಟೈಲ್ಸ್‌ನದ್ದಲ್ಲ. 40,000 ಮುಂಗಡ ತೆಗೆದುಕೊಂಡವ ಈಗ ಫೋನ್ ಎತ್ತುವುದಿಲ್ಲ.

ಮೂಡುಬಿದಿರೆ
ಮರ ಮಾತ್ರ ಬೇಡ. ನಮ್ಮ ರೀಪಿಗೆ ಒರಲೆ ಹಿಡಿದು ಹಂಚು ಎತ್ತಿದರೆ ಕೈಗೆ ಹುಡಿ ಬರುತ್ತಿತ್ತು. ರೀಪು ಹೊರುವ ಪಕ್ಕಾಸು, ರೀಪು ಎರಡೂ ಕಬ್ಬಿಣ ಮಾಡಿಸಿದೆ, 3.2 ಲಕ್ಷ. ಇಳಿಸಿದ ಹಂಚಿನಲ್ಲಿ ನೂರಕ್ಕೆ ಹದಿನೈದು ಒಡೆದವು. ಉಳಿದದ್ದನ್ನು ನಾನೂ ಹೆಂಡತಿಯೂ ಬ್ರಶ್ಶಿನಲ್ಲಿ ಪಾಚಿ ಉಜ್ಜಿ ತೊಳೆದೆವು. ಎರಡು ಸಾವಿರದ ಚಿಲ್ಲರೆ ಹಂಚು. ಉಗುರು ಸವೆದು ಹೋಯಿತು. ಆದರೆ ಹಂಚು ನೋಡಿ, ಬಾಸೆಲ್ ಮಿಷನ್ 1865 ಅಂತ ಅಚ್ಚಿದೆ. 160 ವರ್ಷ ಹಳೆಯದು!

ಬಂಟ್ವಾಳದ ತೋಟದವ
1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಪಾದ್ರಿಗಳು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಮಾರಾಯ್ರೆ. ನಿಮ್ಮ ಹಂಚು ಸುಟ್ಟ ವರ್ಷ ಅಲ್ಲ. ಮುಂದೆಯೂ ಅದೇ ಅಚ್ಚು ಒತ್ತುತ್ತಿದ್ದರು.

ಮೂಡುಬಿದಿರೆ
ನಮ್ಮ ಮನೆ ಹಂಚು ನಿಮಗೆ ಹೇಗೆ ಗೊತ್ತು? ಅಜ್ಜ ಹೇಳಿದ್ದು ಸುಳ್ಳಾ?

ಬಂಟ್ವಾಳದ ತೋಟದವ
ಅಜ್ಜ ಹುಟ್ಟಿದ್ದು ಯಾವಾಗ?

ಸುರತ್ಕಲ್‌ನವ
ಹಂಚು ಬಿಡಿ, ಆ ಕಬ್ಬಿಣ ನೋಡಿಕೊಳ್ಳಿ. ನಮ್ಮಲ್ಲಿ ಕಡಲ ಗಾಳಿಗೆ ನಾಲ್ಕೇ ವರ್ಷದಲ್ಲಿ ವೆಲ್ಡಿಂಗ್ ಜಾಗವೆಲ್ಲ ತುಕ್ಕು.

ಮೂಡುಬಿದಿರೆ
ಮೂಡುಬಿದಿರೆಯಲ್ಲಿ ಕಡಲು ಎಲ್ಲಿದೆ? ಓದಿ ಬರೆಯಿರಿ.

ಬ್ರಹ್ಮಾವರದವಳು
ನಮ್ಮ ಕಥೆಯಲ್ಲಿ ಮಳೆಯೂ ಇಲ್ಲ, ಒರಲೆಯೂ ಇಲ್ಲ. ಜನವೇ ಇಲ್ಲ! ಬಡಗಿ ರಾತ್ರಿ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಾನೆ, ಹಗಲು ನಮ್ಮ ಮಾಡಿನ ಮೇಲೆ ತೂಕಡಿಸುತ್ತಾನೆ. ಒಂದು ದಿನ ಬಂದರೆ ಎರಡು ದಿನ ಇಲ್ಲ. ಗಾರೆಯವನಿಗೆ ಊರಿನ ಕೋಲ, ಹೆಂಡತಿ ಮನೆಯ ಕೋಲ, ಮತ್ತೆ ಮದುವೆಗಳು. ನವೆಂಬರಿನಲ್ಲಿ ಶುರು ಮಾಡಿದ ಬಚ್ಚಲಿಗೆ ಬಾಗಿಲು ಕೂತದ್ದು ಮಾರ್ಚ್ 22ಕ್ಕೆ. ಹೊಯ್ಗೆ ಒಂದು ಲೋಡು ತರಿಸಲು ಮೂರು ವಾರ ಕಾದು, ಕೊನೆಗೆ ಸಾರಣೆಗೆ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಿಸಿದೆ.

ಸುರತ್ಕಲ್‌ನವ
ಸಾರಣೆಗೆ ಎಂ-ಸ್ಯಾಂಡಾ? ಅಯ್ಯೋ.

ಬ್ರಹ್ಮಾವರದವಳು
ಹೌದು, ಎಂ-ಸ್ಯಾಂಡ್. ಪ್ಲಾಸ್ಟರಿಂಗಿಗೆ ಅಂತಲೇ ನುಣ್ಣಗೆ ಪುಡಿ ಮಾಡಿದ್ದು ಬೇರೆ ಸಿಗುತ್ತದೆ, ಪಿ-ಸ್ಯಾಂಡ್. ಅದೂ ಸಿಗದೆ ಇದ್ದದ್ದನ್ನೇ ಜರಡಿ ಹಿಡಿದು ಹಾಕಿಸಿದೆ. ನಿಮ್ಮ ಏಳು ಟೈಲ್ಸ್ ಸರಿ ಮಾಡಿ ಆಮೇಲೆ ಅಯ್ಯೋ ಅನ್ನಿ.

ಹಿರಿಯಡ್ಕದ ಹೊಸಬ
ಎಲ್ಲರಿಗೂ ಥ್ಯಾಂಕ್ಸ್. ನೀವು ಜಗಳ ಆಡುವಷ್ಟರಲ್ಲಿ ನಮ್ಮ ಮೇಸ್ತ್ರಿ ಬಚ್ಚಲು ಒಡೆದೇ ಬಿಟ್ಟರು. ಒಡೆದು ಕಂಬಳಕ್ಕೆ ಹೋದರು. ಸೋಮವಾರ ಬರುತ್ತಾರಂತೆ. ಬಾವಿಕಟ್ಟೆ ಪಕ್ಕ ತೆಂಗಿನ ಮಡಲು ಹೆಣೆದು ಮರೆ ಕಟ್ಟಿದ್ದೇನೆ. ಅಮ್ಮನಿಗೆ ಬಿಸಿಲು ಬಂದ ಮೇಲೆ ಹತ್ತು ಗಂಟೆಗೆ ಸ್ನಾನ. ಹಂಡೆ ಹೊರಗೆ ಮೂರು ಕಲ್ಲಿನ ಮೇಲೆ ಇಟ್ಟಿದ್ದೇವೆ. "ಮದುವೆಯಾಗಿ ಬಂದಾಗಲೂ ಹೀಗೇ ಇತ್ತು" ಅನ್ನುತ್ತಾರೆ, ಹೊಗಳಿದ್ದೋ ಬೈದದ್ದೋ ತಿಳಿಯಲಿಲ್ಲ.

ಬ್ರಹ್ಮಾವರದವಳು
ಯಾವ ಸೋಮವಾರ ಅಂತ ಕೇಳಿದಿರಾ?

ಕಾರ್ಕಳದ ಅಕ್ಕ
ಮೂಡುಬಿದಿರೆಯವರೇ, ಆ 1865ರ ಹಂಚು ಹೆಚ್ಚುವರಿ ಇದ್ದರೆ ನನಗೆ 40 ಬೇಕು. ಸೌದೆ ಕೊಟ್ಟಿಗೆಗೆ.

ಮೂಡುಬಿದಿರೆ
ಒಂದಕ್ಕೆ 35. ಹಳೆಯದು ಅಂತ ಒಪ್ಪುವವರಿಗೆ ಮಾತ್ರ.