ಹಾರ್ಟ್‌ಫರ್ಡ್ ಬಳಿಯ ಹ್ಯೂಬ್ಲೈನ್ ಗೋಪುರ: ವಯಸ್ಸಾದ ತಂದೆತಾಯಿಯೊಂದಿಗೆ ಹತ್ತಬಹುದೇ?

ಪ್ರಶ್ನೆ: ಕನೆಕ್ಟಿಕಟ್_ಮೈಸೂರಿಗ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆತಾಯಿ ಅಕ್ಟೋಬರ್ ಮೊದಲ ವಾರದಲ್ಲಿ ಮೈಸೂರಿನಿಂದ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿರುವ ನಮ್ಮಲ್ಲಿಗೆ ಬರುವವರಿದ್ದಾರೆ. ಎಲೆಗಳು ಬಣ್ಣ ತಿರುಗುವ ದಿನಗಳಲ್ಲಿ ಅವರನ್ನು ಸಿಮ್ಸ್‌ಬರಿಯ ಟಾಲ್ಕಾಟ್ ಬೆಟ್ಟದ ಮೇಲಿರುವ ಹ್ಯೂಬ್ಲೈನ್ ಗೋಪುರಕ್ಕೆ ಕರೆದುಕೊಂಡು ಹೋಗಬೇಕೆಂಬುದು ನಮ್ಮ ಆಸೆ. ಹಾರ್ಟ್‌ಫರ್ಡ್ ಸುತ್ತಮುತ್ತ ಓಡಾಡುವಾಗಲೆಲ್ಲ ಬೆಟ್ಟದ ಸಾಲಿನ ಮೇಲೆ ಬೆಳ್ಳಗೆ ಎದ್ದು ಕಾಣುವ ಆ ಗೋಪುರವನ್ನು ದೂರದಿಂದ ನೋಡುತ್ತಲೇ ಇದ್ದೇವೆಯೇ ಹೊರತು, ಇದುವರೆಗೆ ನಾವೇ ಹತ್ತಿಲ್ಲ.

ತಂದೆಯವರಿಗೆ 71 ವರ್ಷ. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಒಂದು ಕಾಲದಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ವಾರಕ್ಕೊಮ್ಮೆಯಾದರೂ ಹತ್ತುತ್ತಿದ್ದರು, ಈಗ ಬಲಮಂಡಿಯ ನೋವಿನಿಂದಾಗಿ ಬಸ್ಸಿನಲ್ಲೇ ಹೋಗಿ ಬರುತ್ತಾರೆ. ತಾಯಿಯವರು ಚೆನ್ನಾಗಿ ನಡೆಯುತ್ತಾರಾದರೂ ಬೆಟ್ಟದ ಅಂಚಿನಲ್ಲಿ ನಿಲ್ಲಲು ಹೆದರುತ್ತಾರೆ. ಹಾದಿ ಎಷ್ಟು ಕಡಿದಾಗಿದೆ, ಮೇಲಿನವರೆಗೆ ಕಾರಿನಲ್ಲಿ ಹೋಗುವ ಅವಕಾಶವಿದೆಯೇ, ಅಕ್ಟೋಬರ್‌ನಲ್ಲಿ ಗೋಪುರದ ಒಳಗೆ ಬಿಡುತ್ತಾರೆಯೇ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಿ. ಯಾವುದೇ ಕಟ್ಟಡವನ್ನು ಕಂಡರೂ ಅದನ್ನು ಯಾರು, ಯಾಕೆ, ಹೇಗೆ ಕಟ್ಟಿದರು ಎಂದು ಕೇಳದೆ ಬಿಡುವ ಜಾಯಮಾನ ತಂದೆಯವರದಲ್ಲ. ಆದ್ದರಿಂದ ಗೋಪುರದ ಇತಿಹಾಸ ಬಲ್ಲವರು ಬರೆದರೆ ಇನ್ನೂ ಉಪಕಾರವಾಗುತ್ತದೆ.

ಉತ್ತರ 1: ಸಿಮ್ಸ್‌ಬರಿ_ನಿವಾಸಿ

ಮೊದಲು ನೇರ ಉತ್ತರ: ಸಾರ್ವಜನಿಕರು ಗೋಪುರದವರೆಗೆ ಕಾರಿನಲ್ಲಿ ಹೋಗುವಂತಿಲ್ಲ. 185ನೇ ಹೆದ್ದಾರಿಯಿಂದ ಸಮ್ಮಿಟ್ ರಿಜ್ ಡ್ರೈವ್‌ಗೆ ತಿರುಗಿ, ಅಲ್ಲಿ ವಾಹನ ನಿಲ್ಲಿಸಿ, ಟವರ್ ಟ್ರೇಲ್ ಎಂಬ ಹಾದಿಯಲ್ಲಿ ನಡೆಯಬೇಕು. ಒಂದು ಕಡೆಗೆ ಸುಮಾರು 1.25 ಮೈಲಿ, ಅಂದರೆ ಎರಡು ಕಿಲೋಮೀಟರ್. ನಡೆದು ರೂಢಿಯಿರುವವರು ಮುಕ್ಕಾಲು ಗಂಟೆಯೊಳಗೆ ಮೇಲಿರುತ್ತಾರೆ, ನಿಮ್ಮವರಿಗೆ ಒಂದೂಕಾಲು ಗಂಟೆ ಇಟ್ಟುಕೊಳ್ಳಿ.

ಕಷ್ಟವೆಲ್ಲ ಇರುವುದು ಆರಂಭದಲ್ಲಿ. ವಾಹನ ನಿಲ್ಲಿಸುವ ಜಾಗದಿಂದಲೇ ಏರು ಶುರುವಾಗಿ, ಸುಮಾರು ಅರ್ಧ ಮೈಲಿಯವರೆಗೆ ಎಡೆಬಿಡದೆ ಏರುತ್ತಲೇ ಹೋಗುತ್ತದೆ. ಹಾದಿ ಅಗಲವಾಗಿದೆ, ಮೆಟ್ಟಿಲುಗಳಿಲ್ಲ. ಆದರೆ ನೆಲದ ಮೇಲೆ ಸಡಿಲವಾದ ಜಲ್ಲಿಕಲ್ಲು ಹರಡಿಕೊಂಡಿರುವುದರಿಂದ ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ತ್ರಾಸದಾಯಕ. ಆ ಜಲ್ಲಿಯ ಮೇಲೆ ಅಕ್ಟೋಬರ್‌ನಲ್ಲಿ ಓಕ್ ಮರದ ಒಣ ಎಲೆಗಳು ಬಿದ್ದು, ರಾತ್ರಿ ಮಳೆಯೂ ಆಗಿದ್ದರೆ, ಬೆಳಿಗ್ಗೆ ಹಪ್ಪಳದಂತೆ ಸದ್ದು ಮಾಡುವ ಮೇಲಿನ ಎಲೆಯ ಕೆಳಗೆ ನೆನೆದ ಎಲೆಯೊಂದು ಅಂಟಿಕೊಂಡಿರುತ್ತದೆ. ಕಾಲು ಜಾರುವುದು ಅದರ ಮೇಲೆಯೇ. ತಂದೆಯವರಿಗೆ ಎರಡೂ ಕೈಗೆ ಒಂದೊಂದು ಊರುಗೋಲು ಕೊಡಿಸಿ, ಒಂದೇ ಕೋಲು ಸಾಲದು. ಚಪ್ಪಲಿ ಬೇಡ, ಅಡಿಯಲ್ಲಿ ಹಲ್ಲುಗಳಿರುವ ಶೂ ಇರಲಿ.

ಆ ಏರು ಮುಗಿದ ಮೇಲೆ ಹಾದಿ ಬೆಟ್ಟದ ನೆತ್ತಿಯ ಉದ್ದಕ್ಕೂ ಹೆಚ್ಚುಕಡಿಮೆ ಸಮತಟ್ಟಾಗಿ ಸಾಗುತ್ತದೆ. ಪಶ್ಚಿಮಕ್ಕೆ ಫಾರ್ಮಿಂಗ್‌ಟನ್ ನದಿಯ ಕಣಿವೆ ಮರಗಳ ನಡುವೆ ತೆರೆದುಕೊಳ್ಳುತ್ತದೆ. ಅಲ್ಲಲ್ಲಿ ಬಂಡೆಯ ಅಂಚಿಗೆ ಹೋಗುವ ಕವಲುಗಳಿವೆ, ಅಲ್ಲಿ ಕಂಬಿಗಳಿಲ್ಲ. ತಾಯಿಯವರು ಮುಖ್ಯ ಹಾದಿಯನ್ನು ಬಿಡದಿದ್ದರೆ ಭಯಪಡುವ ಪ್ರಮೇಯ ಬರುವುದಿಲ್ಲ.

ಬೆಟ್ಟದ ಹಾದಿ ವರ್ಷವಿಡೀ ತೆರೆದಿರುತ್ತದೆ. ಗೋಪುರದ ಒಳಭಾಗ ಮಾತ್ರ ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ತೆರೆದಿದ್ದು, ವಾರದ ಯಾವ ದಿನಗಳು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ರಾಜ್ಯದ ಪರಿಸರ ಇಲಾಖೆಯ ಜಾಲತಾಣ ನೋಡಿಕೊಳ್ಳಿ. ಒಳಗೆ ಮೇಲಿನ ವೀಕ್ಷಣಾ ಕೋಣೆಗೆ ಮತ್ತೆ ಮೆಟ್ಟಿಲು ಹತ್ತಬೇಕೆಂಬುದು ನೆನಪಿರಲಿ. ಬಣ್ಣದ ದಿನಗಳ ಶನಿವಾರ, ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೇ ವಾಹನ ನಿಲ್ಲಿಸಲು ಜಾಗ ಸಿಗುವುದು ಅನುಮಾನ, ಆದ್ದರಿಂದ ರಜೆ ಹಾಕಿಯಾದರೂ ವಾರದ ನಡುವೆ ಹೋಗುವುದು ಮೇಲು. ಈ ಭಾಗದಲ್ಲಿ ಎಲೆಗಳ ಬಣ್ಣ ಅಕ್ಟೋಬರ್ ಮಧ್ಯದ ನಂತರ ತುಂಬಿ ಬರುತ್ತದೆ.

ಉತ್ತರ 2: ಹಳೆಯ_ನಕಾಶೆ

ಹಾದಿಯ ವಿಷಯವನ್ನು ಮೇಲಿನವರು ಪೂರ್ತಿಯಾಗಿ ಹೇಳಿದ್ದಾರೆ. ನಾನು ಇತಿಹಾಸದ ಬಗ್ಗೆ ಬರೆಯುತ್ತೇನೆ.

ಈ ಗೋಪುರದ ಬಗ್ಗೆ ಎಲ್ಲರೂ ಹೇಳುವ ಕತೆ ಒಂದೇ. ಜರ್ಮನ್ ಮೂಲದ ಗಿಲ್ಬರ್ಟ್ ಹ್ಯೂಬ್ಲೈನ್ ತಾನು ಮದುವೆಯಾಗಲಿದ್ದ ಲೂಯಿಸ್ ಗುಂಡ್ಲಾಕ್ ಜೊತೆ ಈ ಬೆಟ್ಟ ಹತ್ತಿದಾಗ, ಮುಂದೊಂದು ದಿನ ಇಲ್ಲೇ ನಿನಗೊಂದು ಕೋಟೆ ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟನಂತೆ, 1914ರಲ್ಲಿ ಅದನ್ನು ನಡೆಸಿಕೊಟ್ಟನಂತೆ. ಕೇಳಲು ಚೆನ್ನಾಗಿದೆ. ಆದರೆ ಹ್ಯೂಬ್ಲೈನ್ ಕಟ್ಟುವುದಕ್ಕಿಂತ ನೂರು ವರ್ಷ ಮೊದಲೇ ಜನ ಇಲ್ಲಿ ಗೋಪುರ ಕಟ್ಟುತ್ತಿದ್ದರೆಂಬುದು ನನಗೆ ಅದಕ್ಕಿಂತ ಸ್ವಾರಸ್ಯಕರವಾಗಿ ಕಾಣುತ್ತದೆ.

ಹಾರ್ಟ್‌ಫರ್ಡಿನ ಸಿರಿವಂತ ಡೇನಿಯಲ್ ವಾಡ್ಸ್‌ವರ್ತ್ 1810ರ ಸುಮಾರಿಗೆ, ಬೆಟ್ಟದ ಮೇಲಿದ್ದ ತನ್ನ ‘ಮಾಂಟೆ ವಿಡಿಯೊ’ ಎಂಬ ಎಸ್ಟೇಟಿನಲ್ಲಿ, ಮರದಲ್ಲಿ ಆರು ಮೂಲೆಯ ಗೋಪುರವೊಂದನ್ನು ನಿಲ್ಲಿಸಿದ. 1840ರಲ್ಲಿ ಅದು ಬಿರುಗಾಳಿಗೆ ಉರುಳಿತು. ಆಮೇಲೆ ಬೇರೆ ಗೋಪುರಗಳು ಬಂದವು, ಹೋದವು. 1867ರಲ್ಲಿ ಬಾರ್ಟ್‌ಲೆಟ್ ಎಂಬಾತ ಕಟ್ಟಿಸಿದ ಗೋಪುರಕ್ಕೆ ಹಾರ್ಟ್‌ಫರ್ಡಿನಿಂದ ಜನ ವಿಹಾರಕ್ಕೆ ಬರುತ್ತಿದ್ದರು. ಆಗ ಹಾರ್ಟ್‌ಫರ್ಡಿನಲ್ಲಿ ನೆಲೆಸಿದ್ದ ಮಾರ್ಕ್ ಟ್ವೇನ್ ಕೂಡ ತನ್ನ ಪಾದ್ರಿ ಗೆಳೆಯ ಜೋಸೆಫ್ ಟ್ವಿಚೆಲ್ ಜೊತೆ ಹರಟುತ್ತಾ ಈ ಬೆಟ್ಟದ ಗೋಪುರದವರೆಗೆ ಕಾಲ್ನಡಿಗೆಯಲ್ಲೇ ಬರುವುದಿತ್ತು. ಈಗ ನಿಂತಿರುವುದು ಈ ಬೆಟ್ಟದ ನಾಲ್ಕನೆಯ ಗೋಪುರ. ಬೇಸಿಗೆ ಮನೆಯಾಗಿ, ಬವೇರಿಯಾದ ಕಟ್ಟಡಗಳ ಮಾದರಿಯಲ್ಲಿ ಇದನ್ನು ಕಟ್ಟಲಾಯಿತು. ಎತ್ತರ 165 ಅಡಿ.

ನಿಮ್ಮ ತಂದೆಯವರಿಗೆ ಹೇಳಬೇಕಾದದ್ದು ಇಲ್ಲಿದೆ. ಮರದ ಗೋಪುರ ಗಾಳಿಗೆ ಉರುಳಿದ್ದ ಬೆಟ್ಟದಲ್ಲಿ ಹ್ಯೂಬ್ಲೈನ್ ಕಟ್ಟಿಸಿದ್ದು ಉಕ್ಕಿನ ತೊಲೆಗಳನ್ನು ಬಂಡೆಯೊಳಗೆ ಭದ್ರವಾಗಿ ನೆಟ್ಟು, 20 ಇಂಚು ದಪ್ಪದ ಕಾಂಕ್ರೀಟ್ ಗೋಡೆ ಎಬ್ಬಿಸಿದ ಕಟ್ಟಡವನ್ನು. ಗಂಟೆಗೆ 100 ಮೈಲಿ ವೇಗದ ಗಾಳಿಯನ್ನು ತಡೆಯುವಂತೆ ವಿನ್ಯಾಸ ಮಾಡಲಾಗಿತ್ತು. 1938ರ ಸೆಪ್ಟೆಂಬರ್‌ನಲ್ಲಿ ಕನೆಕ್ಟಿಕಟ್ಟನ್ನು ನುಚ್ಚುನೂರು ಮಾಡಿದ ಚಂಡಮಾರುತ ಬಂದು ಹೋದ ಮೇಲೂ ಗೋಪುರ ನಿಂತೇ ಇತ್ತು. ಅದನ್ನು ನೋಡಲು ಹ್ಯೂಬ್ಲೈನ್ ಇರಲಿಲ್ಲ, 1937ರಲ್ಲೇ ತೀರಿಕೊಂಡಿದ್ದ.

ಇಷ್ಟಕ್ಕೆಲ್ಲ ಹಣ ಬಂದದ್ದು ಹೋಟೆಲು, ಮದ್ಯ ಮತ್ತು ಊಟದ ಮೇಜಿನ ‘ಎ.1.’ ಸಾಸಿನ ವ್ಯಾಪಾರದಿಂದ. ಅಮೆರಿಕದಲ್ಲಿ ಪಾನನಿಷೇಧವಿದ್ದ ವರ್ಷಗಳಲ್ಲಿ ಹ್ಯೂಬ್ಲೈನ್ ಕಂಪನಿಯನ್ನು ಉಳಿಸಿದ್ದು ಆ ಸಾಸೇ ಎಂಬುದೊಂದು ತಮಾಷೆ. 1943ರಲ್ಲಿ ಗೋಪುರ ‘ಹಾರ್ಟ್‌ಫರ್ಡ್ ಟೈಮ್ಸ್’ ಪತ್ರಿಕೆಯ ಕೈಸೇರಿ, ಅತಿಥಿಗಳ ಔತಣಕೂಟಗಳ ತಾಣವಾಯಿತು. ಐಸೆನ್‌ಹೋವರ್ ಇಲ್ಲಿಗೆ ಬಂದಿದ್ದ ಸಂಗತಿಯನ್ನು ಒಳಗೆ ಹೋದಾಗ ತಪ್ಪದೆ ಕೇಳುತ್ತೀರಿ. 1960ರ ದಶಕದಲ್ಲಿ ರಾಜ್ಯ ಸರ್ಕಾರ ಜಾಗವನ್ನು ಕೊಂಡು ಉದ್ಯಾನವನ್ನಾಗಿ ಮಾಡಿತು. ಖಾಸಗಿಯವರ ಬಳಿಯೇ ಉಳಿದಿದ್ದರೆ ಈ ನೆತ್ತಿಯ ತುಂಬ ಇಂದು ಬಂಗಲೆಗಳಿರುತ್ತಿದ್ದವು ಎಂಬುದರಲ್ಲಿ ನನಗಂತೂ ಸಂದೇಹವಿಲ್ಲ.

ಉತ್ತರ 3: ಮಲ್ಪೆ_ಕಡಲು

ಗೋಪುರದ ಮಾತಿನ ನಡುವೆ ಬೆಟ್ಟವನ್ನೇ ಮರೆಯಬಾರದು. ಇದು ಸುಮಾರು 20 ಕೋಟಿ ವರ್ಷಗಳ ಹಿಂದೆ, ಒಂದಾಗಿದ್ದ ಭೂಖಂಡ ಸೀಳಿ ಅಟ್ಲಾಂಟಿಕ್ ಸಾಗರಕ್ಕೆ ದಾರಿಯಾಗುತ್ತಿದ್ದ ಕಾಲದಲ್ಲಿ ಉಕ್ಕಿ ಹರಿದ ಲಾವಾ ತಣಿದು ಆದ ಬಸಾಲ್ಟ್ ಶಿಲೆ. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಕೂಡ ಇಂಥದೇ ಒಡಕಿನ ಸಾಕ್ಷಿ. ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯ ಲಾವಾ ಅದು. ಟಾಲ್ಕಾಟ್ ಬೆಟ್ಟದ ಶಿಲಾಪದರ ಪೂರ್ವಕ್ಕೆ ವಾಲಿಕೊಂಡಿರುವುದರಿಂದ ಆ ಕಡೆ ನಿಧಾನವಾದ ಇಳಿಜಾರಿದೆ, ಪಶ್ಚಿಮಕ್ಕೆ ನೇರ ಪ್ರಪಾತ. ಕಣಿವೆಯ ನೋಟ ಅಷ್ಟು ಹಠಾತ್ತಾಗಿ ತೆರೆದುಕೊಳ್ಳುವುದಕ್ಕೆ ಇದೇ ಕಾರಣ. ಹಾದಿಯ ಬದಿಯಲ್ಲಿ ಕಲ್ಲು ಒಡೆದ ಕಡೆ ನೋಡಿ, ಒಳಗೆ ಕಪ್ಪುಬೂದು ಬಣ್ಣ, ಹೊರಮೈ ಮಾತ್ರ ಕಬ್ಬಿಣದ ಅಂಶ ತುಕ್ಕು ಹಿಡಿದು ಕೆಂಗಂದು.

ಇನ್ನೊಂದು ಮುಖ್ಯ ವಿಷಯವನ್ನು ಯಾರೂ ಹೇಳಿಲ್ಲ: ಉಣುಗು. ಉಣುಗು ಕಚ್ಚುವುದರಿಂದ ಹರಡುವ ಲೈಮ್ ಕಾಯಿಲೆಗೆ ಆ ಹೆಸರು ಬಂದದ್ದೇ ಕನೆಕ್ಟಿಕಟ್ಟಿನ ಲೈಮ್ ಎಂಬ ಊರಿನಿಂದ, ಮತ್ತು ಬೆಳೆದ ಉಣುಗುಗಳು ಚುರುಕಾಗಿರುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲೇ. ಮಲೆನಾಡಿನ ಮಂಗನ ಕಾಯಿಲೆಯ ಬಗ್ಗೆ ಕೇಳಿರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದು ವೈರಸ್‌ನಿಂದ ಬರುವಂಥದ್ದು, ಇದು ಬ್ಯಾಕ್ಟೀರಿಯಾದಿಂದ, ಬೇಗ ಗುರುತಿಸಿದರೆ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಲಿ. ತಾಯಿಯವರು ಸೀರೆ ಉಡುವವರಾದರೆ ಆ ದಿನದ ಮಟ್ಟಿಗೆ ಚೂಡಿದಾರ್ ಒಳ್ಳೆಯದು. ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಉಣುಗು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಸೋಂಕು ತಗಲುತ್ತದೆ, ಹಾಗಾಗಿ ಅಂದೇ ನೋಡಿ ತೆಗೆದರೆ ಗಾಬರಿಯಾಗುವ ಅಗತ್ಯವಿಲ್ಲ.

ಮರುಪ್ರಶ್ನೆ: ಕನೆಕ್ಟಿಕಟ್_ಮೈಸೂರಿಗ

ಮೂವರಿಗೂ ತುಂಬ ಕೃತಜ್ಞತೆಗಳು. ಬಂಡೆಯೊಳಗೆ ತೊಲೆ ನೆಟ್ಟ ವಿಷಯವನ್ನು ನಿನ್ನೆ ಫೋನಿನಲ್ಲಿ ಹೇಳಿದ್ದೇ ತಡ, ತಂದೆಯವರು ಆಗಲೇ ಎಷ್ಟು ಆಳಕ್ಕೆ ಇಳಿಸಿದ್ದಾರೆ ಎಂದು ವಿಚಾರಣೆ ಶುರುಮಾಡಿದ್ದಾರೆ. ಈಗ ಬರದಂತೆ ಒಪ್ಪಿಸುವುದು ಸಾಧ್ಯವೇ ಇಲ್ಲ. ಒಂದು ವೇಳೆ ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡರೆ ಏನು ಮಾಡುವುದು? ಅಲ್ಲಿಂದಲೇ ಹಿಂತಿರುಗಿದರೂ ಬಂದದ್ದಕ್ಕೆ ಸಾರ್ಥಕವೆನಿಸುವಂಥದ್ದು ಏನಾದರೂ ಇದೆಯೇ?

ಉತ್ತರ 4: ಸಿಮ್ಸ್‌ಬರಿ_ನಿವಾಸಿ

ಖಂಡಿತ ಇದೆ. ಮೊದಲ ಏರನ್ನು ಮುಗಿಸಿ ನೆತ್ತಿ ಮುಟ್ಟಿದರೆ ಕಣಿವೆಯ ನೋಟ ಅಲ್ಲಿಂದಲೇ ಸಿಗುತ್ತದೆ. ಗೋಪುರದ ಮೇಲಿನಿಂದ ಹೆಚ್ಚಿಗೆ ಕಾಣುವುದೆಂದರೆ ಪೂರ್ವಕ್ಕೆ ಹಾರ್ಟ್‌ಫರ್ಡಿನ ಕಟ್ಟಡಗಳು ಮತ್ತು ಆಕಾಶ ತಿಳಿಯಾಗಿದ್ದರೆ ಉತ್ತರದಲ್ಲಿ ನ್ಯೂ ಹ್ಯಾಂಪ್‌ಶೈರಿನ ಮೊನಾಡ್ನಾಕ್ ಶಿಖರ. ಆದ್ದರಿಂದ ನೆತ್ತಿಯಲ್ಲಿ ಅರ್ಧ ಗಂಟೆ ಕುಳಿತು, ಇಳಿಯುವ ಶಕ್ತಿಯನ್ನು ಉಳಿಸಿಕೊಂಡೇ ಮುಂದೆ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಿ. ಕುಡಿಯುವ ನೀರು, ಬುತ್ತಿ ಎರಡನ್ನೂ ಕೆಳಗಿನಿಂದಲೇ ಒಯ್ಯಿರಿ, ಮೇಲೆ ಅಂಗಡಿಗಳಿಲ್ಲ. ಅಕ್ಟೋಬರ್ ಕೊನೆಗೆ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಎರಡರೊಳಗೆ ಇಳಿಯಲು ಶುರುಮಾಡಿದರೆ ಆತುರಪಡಬೇಕಾಗಿಲ್ಲ.

ಗೋಪುರ ತಲುಪದೇ ಬಂದರೆ ತಂದೆಯವರಿಗೆ ಬೇಸರವಾಗದಂತೆ ಇನ್ನೊಂದು ದಿನ ಹಾರ್ಟ್‌ಫರ್ಡಿನ ವಾಡ್ಸ್‌ವರ್ತ್ ಅಥೀನಿಯಂ ಕಲಾಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಅದನ್ನು ಸ್ಥಾಪಿಸಿದ್ದು ಮೇಲೆ ಹೇಳಿದ ಅದೇ ಡೇನಿಯಲ್ ವಾಡ್ಸ್‌ವರ್ತ್. ಈ ಬೆಟ್ಟದ ಮೇಲಿದ್ದ ಅವನ ಎಸ್ಟೇಟನ್ನು ಥಾಮಸ್ ಕೋಲ್ 1828ರಲ್ಲಿ ಬರೆದ ಚಿತ್ರ ಅಲ್ಲಿನ ಸಂಗ್ರಹದಲ್ಲಿದೆ. ಅದು ಗೋಡೆಯ ಮೇಲಿದೆಯೇ ಎಂದು ಮಾತ್ರ ಹೋಗುವ ಮುನ್ನ ಫೋನ್ ಮಾಡಿ ವಿಚಾರಿಸಿಕೊಳ್ಳಿ.