ಚರಂಡಿ ನೀರು ಕೆರೆಗೆ ಬೀಳುವ ಮುಂಚೆ ಹೊಂಡ: ಮಾಡಿಸಿದವರು ಹೇಳುತ್ತೀರಾ?

ಕೇಳಿದವರು, ಮಂಡ್ಯ ತಾಲ್ಲೂಕು:
ನಮ್ಮೂರಲ್ಲಿ ಸುಮಾರು 1500 ಜನ. ಬೀದಿ ಚರಂಡಿ ಎಲ್ಲ ಸೇರಿ ಕೆರೆಗೇ ಬೀಳುತ್ತದೆ. ಕೆರೆ ತುಂಬ ಅಂತರಗಂಗೆ, ದನಗಳೂ ನೀರಿಗೆ ಬಾಯಿ ಹಾಕುವುದಿಲ್ಲ. ಕೆರೆಗೆ ಮುಂಚೆಯೇ ಲಗೂನ್ ಥರ ಹೊಂಡ ತೋಡಿ ನೀರು ಶುದ್ಧ ಮಾಡೋಣ ಅಂತ ಗ್ರಾಮಸಭೆಯಲ್ಲಿ ಮಾತಾಗಿದೆ. ಎಷ್ಟು ಜಾಗ ಬೇಕು? ವಾಸನೆ, ಸೊಳ್ಳೆ ಜಾಸ್ತಿ ಆಗುತ್ತದಾ?

ಶ್ರೀರಂಗಪಟ್ಟಣ ಕಡೆಯಿಂದ:
ಖಂಡಿತ ಮಾಡಿಸಿ. ಹಳ್ಳಿಗೆ ಇದು ಒಗ್ಗುವ ಪದ್ಧತಿ. ಮೈಸೂರಿನ ವಿದ್ಯಾರಣ್ಯಪುರಂ ಸೂಯೇಜ್ ಫಾರಂನಲ್ಲೂ ಲಗೂನ್‌ಗಳೇ ಇರುವುದು. ಆದರೆ ಅಲ್ಲಿ ನೀರಿಗೆ ಗಾಳಿ ಕೊಡಲು ಯಂತ್ರ ಬೇಕು, ಕರೆಂಟ್ ಬೇಕು. ನಿಮಗೆ ಬಿಸಿಲೇ ಸಾಕು. ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ಅದನ್ನು ಬಳಸಿ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತವೆ. ಅದಕ್ಕೇ ಹೊಂಡ ಆಳ ಇರಬಾರದು. ಒಂದೂವರೆ ಮೀಟರ್ ಸಾಕು.

ಜಾಗದ ಲೆಕ್ಕ ಹೀಗೆ. ನಲ್ಲಿ ನೀರು ತಲೆಗೆ ದಿನಕ್ಕೆ 55 ಲೀಟರ್ ಅಂದುಕೊಳ್ಳಿ, ಅದರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ ಬರುತ್ತದೆ. 1500 ಜನಕ್ಕೆ ದಿನಕ್ಕೆ 66,000 ಲೀಟರ್. ಈ ನೀರು 20 ದಿನ ನಿಲ್ಲಬೇಕೆಂದರೆ ನೀರಿನ ಜಾಗವೇ ಹತ್ತಿರ ಹತ್ತಿರ 9 ಗುಂಟೆ. ಏರಿ, ಓಡಾಡುವ ದಾರಿ ಸೇರಿಸಿ ಅರ್ಧ ಎಕರೆ ಇಟ್ಟುಕೊಳ್ಳಿ. ಮನೆ ಮನೆಗೆ ಬೋರ್‌ವೆಲ್ ಇದ್ದರೆ ಇದೂ ಸಾಲದು.

ಒಂದೇ ದೊಡ್ಡ ಹೊಂಡ ಬೇಡ. ಒಂದಾದ ಮೇಲೆ ಒಂದು, ಎರಡು ಮೂರು ಮಾಡಿ. ನೀರು ಒಂದು ಮೂಲೆಯಿಂದ ಒಳಗೆ, ಎದುರಿನ ಮೂಲೆಯಿಂದ ಹೊರಗೆ. ಇಲ್ಲದಿದ್ದರೆ ಬಂದ ನೀರು ನಿಲ್ಲದೆ ನೇರ ಹೊರಟುಹೋಗುತ್ತದೆ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕೊನೆಯ ಹೊಂಡದ ನೀರನ್ನು ಕೆರೆಗೆ ಬಿಡಬೇಡಿ. ವಾಸನೆ ಹೋಗಿರುತ್ತದೆ, ರೋಗಾಣು ಬಹಳ ಕಡಿಮೆಯಾಗಿರುತ್ತವೆ, ನಿಜ. ಆದರೆ ಸೋಪು, ಉಚ್ಚೆಯಿಂದ ಬಂದ ರಂಜಕ ಬಹುಪಾಲು ನೀರಲ್ಲೇ ಉಳಿದಿರುತ್ತದೆ. ಸಾರಜನಕವೂ ಪೂರ್ತಿ ಹೋಗುವುದಿಲ್ಲ. ಅಂತರಗಂಗೆಗೆ ಅದೇ ಗೊಬ್ಬರ ಅಲ್ವಾ? ಇಷ್ಟೆಲ್ಲ ಮಾಡಿಯೂ ಕೆರೆ ಹಾಗೇ ಇದ್ದರೆ ಜನಕ್ಕೆ ನಂಬಿಕೆಯೇ ಹೋಗುತ್ತದೆ. ಆ ನೀರು ತೆಂಗಿಗೆ, ನೇಪಿಯರ್ ಹುಲ್ಲಿಗೆ ಹೋಗಲಿ. ಸೊಪ್ಪು ತರಕಾರಿಗೆ ಬೇಡ. ಯಾರ ಜಮೀನಿಗೆ, ಯಾವ ಸರದಿಯಲ್ಲಿ ಅನ್ನುವುದನ್ನು ಗುಂಡಿ ತೋಡುವ ಮುಂಚೆಯೇ ಬರೆದುಕೊಳ್ಳಿ.

ತಿ. ನರಸೀಪುರದಿಂದ:
ವಾಸನೆ, ಸೊಳ್ಳೆ ಕೇಳಿದ್ದೀರಿ. ನಮ್ಮಲ್ಲಿ ಮೊದಲು ಏನೂ ತೊಂದರೆ ಇರಲಿಲ್ಲ. ಆಮೇಲೆ ಗುತ್ತಿಗೆಯವರು ಬರುವುದು ನಿಲ್ಲಿಸಿದರು, ಅಂಚಿನಲ್ಲಿ ಜೊಂಡು ಎದ್ದಿತು, ನೀರ ಮೇಲೆ ಅಂತರಗಂಗೆ ಹಾಸಿಕೊಂಡಿತು. ಬಿಸಿಲು ಒಳಗೆ ಇಳಿಯದೆ ನೀರು ನಾರತೊಡಗಿತು. ಅಂಚಿಗೆ ಕಲ್ಲು ಕಟ್ಟಿಸಿ ಜೊಂಡು ಕಿತ್ತ ಮೇಲೆ ಸೊಳ್ಳೆ ಇಳಿಯಿತು. ನೀರು ಹಸಿರಾಗಿದ್ದರೆ ಹೆದರಬೇಡಿ, ಅದು ಒಳ್ಳೆಯದೇ. ಕಪ್ಪಾದರೆ ಮಾತ್ರ ಯೋಚಿಸಿ. ಹೊಂಡಕ್ಕೆ ಮೊದಲು ಜಾಲರಿ ಮತ್ತು ಮರಳು ನಿಲ್ಲುವ ಚಿಕ್ಕ ತೊಟ್ಟಿ ಇರಲಿ. ಅದನ್ನು ವಾರಕ್ಕೊಮ್ಮೆ ಬಳಿಯಲು ಸಂಬಳದ ಒಬ್ಬ ಆಳು ಬೇಕೇ ಬೇಕು. ಶ್ರಮದಾನ ಅಂತ ಸುಮ್ನೆ ಬಿಟ್ಟರೆ ನಡೆಯುವುದಿಲ್ಲ.

ಪಾಂಡವಪುರದಿಂದ:
ನಾಲೆ ಬಯಲಿನವರು ಒಂದು ನೋಡಿಕೊಳ್ಳಿ. ನಾಲೆಗೆ ನೀರು ಬಿಟ್ಟ ಕಾಲದಲ್ಲಿ ಅಂತರ್ಜಲ ಮೇಲೆ ಬಂದಿರುತ್ತದೆ. ಬೇಸಿಗೆಯಲ್ಲಿ ಗುಂಡಿ ತೋಡಿ ಒಣ ಮಣ್ಣು ನೋಡಿ ಒಪ್ಪಿಕೊಳ್ಳಬೇಡಿ. ಗದ್ದೆಗೆ ನೀರು ನಿಂತಾಗ ಪರೀಕ್ಷೆಯ ಗುಂಡಿ ತೆಗೆಸಿ. ಒಸರು ಬಂದರೆ ಆ ಜಾಗ ಬೇಡ. ತಳಕ್ಕೆ ಜೇಡಿಮಣ್ಣು ಹಾಕಿ ಪದರ ಪದರವಾಗಿ ದಮ್ಮಸ್ಸು ಮಾಡಿಸಿ, ಇಲ್ಲವಾದರೆ ಕೊಳೆ ನೀರು ಪಕ್ಕದ ಬೋರ್‌ವೆಲ್‌ಗೆ ಇಳಿಯುತ್ತದೆ. ಮಳೆ ನೀರಿಗೆ ಬೇರೆ ಕಾಲುವೆ ಇರಲಿ, ಅದು ಮಾತ್ರ ಕೆರೆಗೆ ಹೋಗಲಿ. ಜೋರು ಮಳೆ ಹೊಂಡಕ್ಕೇ ನುಗ್ಗಿದರೆ ತಳದ ಹೂಳೆಲ್ಲ ಎದ್ದು ಕೆರೆಗೆ ಸೇರುತ್ತದೆ.

ಕೇಳಿದವರು:
ತುಂಬಾ ಉಪಕಾರ ಆಯಿತು. ನಮ್ಮದೂ ನಾಲೆ ಬಯಲೇ. ನಾವು ನೋಡಿದ ಜಾಗ ಗದ್ದೆಗಿಂತ ತಗ್ಗು. ಪರೀಕ್ಷೆಯ ಗುಂಡಿ ತೆಗೆಸದೆ ಅಂದಾಜುಪಟ್ಟಿಗೆ ಸಹಿ ಹಾಕಬೇಡಿ ಅಂತ ನಾಳೆಯೇ ಪಂಚಾಯಿತಿಯಲ್ಲಿ ಹೇಳುತ್ತೇನೆ. ತೆಂಗಿನ ತೋಟದವರು ಇಬ್ಬರು ನೀರು ತಗೊಳ್ಳಲು ಒಪ್ಪಬಹುದು, ಅವರನ್ನೂ ಕರೆಸುತ್ತೇನೆ.