ವಿಷದ ಹಾವುಗಳಿರುವ ಜೌಗುದಾರಿಯಲ್ಲಿ ಜಿಯೋಕ್ಯಾಶ್ ಡಬ್ಬಿಗಳನ್ನು ಎಲ್ಲಿಡಬೇಕು?

ದಿಕ್ಸೂಚಿ ಕೇಳಿದ್ದು:

ನಮಸ್ಕಾರ. ಜೌಗುನೆಲವೊಂದರ ಅಂಚಿನ ಕಾಲುದಾರಿಯಲ್ಲಿ ಕೆಲವು ಜಿಯೋಕ್ಯಾಶ್ ಡಬ್ಬಿಗಳನ್ನು, ಅಂದರೆ ಜಿಪಿಎಸ್ ನೆರವಿನಿಂದ ಜನ ಹುಡುಕಿ ತೆಗೆಯುವ ಆಟದ ಬಚ್ಚಿಟ್ಟ ಡಬ್ಬಿಗಳನ್ನು, ಇಡಬೇಕೆಂದಿದ್ದೇನೆ. ನೆಲ ಅಗೆಯಬಾರದು, ಜನ ದಾರಿ ಬಿಟ್ಟು ಇಳಿಯುವಂತಾಗಬಾರದು ಎಂಬ ಷರತ್ತಿನೊಂದಿಗೆ ಜಾಗವನ್ನು ನೋಡಿಕೊಳ್ಳುವವರು ಒಪ್ಪಿಗೆ ಕೊಟ್ಟಿದ್ದಾರೆ. ದಾರಿಯ ಒಂದು ಭಾಗದಲ್ಲಿ ನೀರಿನ ಮೇಲೆ ಹಲಗೆ ಹಾಸಿದೆ, ಉಳಿದದ್ದು ಜೊಂಡಿನ ನಡುವಿನ ಏರಿ. ಕಪ್ಪೆ, ಇಲಿ ಹೇರಳವಾಗಿರುವುದರಿಂದ ಹಾವುಗಳೂ ಇವೆ, ಅವುಗಳಲ್ಲಿ ವಿಷದ ಹಾವುಗಳೂ ಸೇರಿವೆ. ಮಕ್ಕಳನ್ನು ಕರೆದುಕೊಂಡು ಹುಡುಕಲು ಬರುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಆಟದ ಜಾಲತಾಣದಲ್ಲಿ ಹಾಕುವ ಡಬ್ಬಿಯ ವಿವರದಲ್ಲಿ ಅಪಾಯಕಾರಿ ಪ್ರಾಣಿಗಳ ಗುರುತು ಹಾಕಿ ಎಚ್ಚರಿಕೆ ಬರೆದರೆ ಸಾಕೇ, ಅಥವಾ ಇಂಥ ಕಡೆ ಇಡುವುದೇ ತಪ್ಪೇ?

ಏರಿದಾರಿ ಉತ್ತರಿಸಿದ್ದು:

ಇಡುವುದು ತಪ್ಪಲ್ಲ, ಆದರೆ ಗುರುತು ಹಾಕಿದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯುವುದಿಲ್ಲ. ಡಬ್ಬಿ ಇಡುವವರು ಸಾಮಾನ್ಯವಾಗಿ ಹುಡುಕುವುದು ನೀರು ತಾಗದ, ತುಸು ಎತ್ತರದ, ಮೇಲೆ ಮರೆಯಿರುವ ಸಂದನ್ನು; ಹಾವು ಹುಡುಕುವುದೂ ಅದನ್ನೇ. ಬಿದ್ದ ಮರದ ಪೊಟರೆ, ಬೇರಿನ ಸಂದು, ಕಲ್ಲುಗುಪ್ಪೆ, ಹಲಗೆಯ ಅಡಿಭಾಗ, ಇವೆಲ್ಲ ಇಬ್ಬರಿಗೂ ಒಪ್ಪುವ ಜಾಗಗಳು. ನೀರು ಏರಿದಾಗ ತಗ್ಗಿನಲ್ಲಿದ್ದ ಹಾವುಗಳು ಏರಿಗೆ ಬರುತ್ತವೆ.

ಜಿಪಿಎಸ್ ವಿಷಯವನ್ನೂ ಗಮನಿಸಿ. ಉಪಗ್ರಹ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ತೆಗೆದುಹಾಕಿದ ಮರುದಿನವೇ ಈ ಆಟದ ಮೊದಲ ಡಬ್ಬಿ ಆರೆಗನ್‌ನಲ್ಲಿ ನೆಲೆಗೊಂಡಿತು. ಆದರೂ ಮರಗಳ ನೆರಳಿನಲ್ಲಿ ಇಂದಿಗೂ ಐದು-ಹತ್ತು ಮೀಟರ್ ವ್ಯತ್ಯಾಸ ಬರುವುದು ಸಹಜ. ಹಾಗಾಗಿ ಹುಡುಕುವವರು ನೀವು ಆರಿಸಿದ ಒಂದೇ ಸಂದಿಗೆ ಕೈ ಹಾಕುವುದಿಲ್ಲ, ಆ ವೃತ್ತದೊಳಗಿನ ಪ್ರತಿಯೊಂದು ಸಂದಿಗೂ ಹಾಕುತ್ತಾರೆ. ನಿಮ್ಮ ಡಬ್ಬಿಯ ಜಾಗ ಸುರಕ್ಷಿತವಾಗಿದ್ದು, ಮೂರು ಮಾರು ಆಚೆ ಟೊಳ್ಳು ದಿಮ್ಮಿಯೊಂದು ಬಿದ್ದಿದ್ದರೆ ಆ ಜಾಗವನ್ನು ಬಿಟ್ಟುಬಿಡಿ.

ನಾನಾಗಿದ್ದರೆ ಕೈಹಿಡಿ ಕಂಬಕ್ಕೆ ಎದೆಮಟ್ಟದಲ್ಲಿ, ಮೊಳೆ ಹೊಡೆಯದೆ, ಡಬ್ಬಿಯನ್ನು ತೂಗುಹಾಕುತ್ತೇನೆ. ಸುಳಿವಿನಲ್ಲಿ “ಕಂಬದ ಮೇಲೆ, ಎದೆಮಟ್ಟದಲ್ಲಿದೆ, ನೆಲದಲ್ಲಿ ಹುಡುಕಬೇಡಿ” ಎಂದು ನೇರವಾಗಿ ಬರೆಯುತ್ತೇನೆ. ಹಾಗೆ ಮಾಡಿದರೆ ಹುಡುಕುವ ಸ್ವಾರಸ್ಯ ಹೋಗುತ್ತದೆ ಎನ್ನುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ದಾರಿಯ ಮಾಹಿತಿಫಲಕಗಳಲ್ಲಿರುವ ಅಂಕಿಗಳಿಂದ ಅಕ್ಷಾಂಶ, ರೇಖಾಂಶ ಲೆಕ್ಕಹಾಕುವಂತೆ ಮಾಡಿದರೆ ಕಷ್ಟವೆಲ್ಲ ತಲೆಗೆ ಬೀಳುತ್ತದೆ, ಕೈಗೆ ಬೀಳುವುದಿಲ್ಲ.

ತುರ್ತುಘಟಕ ಉತ್ತರಿಸಿದ್ದು:

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಒಂದು ತಪ್ಪು ನಂಬಿಕೆಯನ್ನು ಮಾತ್ರ ಇಲ್ಲಿ ತಿದ್ದಬೇಕು. ಕಾಲು ಬಡಿದು ನಡೆದರೆ ಹಾವು ಸರಿದುಹೋಗುತ್ತದೆ ಎಂದು ಪೂರ್ತಿ ನೆಚ್ಚಿಕೊಳ್ಳಬಾರದು. ಮಂಡಲ ಜಾತಿಯ ಎಷ್ಟೋ ಹಾವುಗಳು ಮೈಬಣ್ಣವನ್ನೇ ನಂಬಿ ಅಲ್ಲಾಡದೆ ಮಲಗಿರುತ್ತವೆ. ಗಟ್ಟಿಯಾದ ಎತ್ತರದ ಬೂಟು, ಸಡಿಲವಾದ ಉದ್ದ ಪ್ಯಾಂಟು, ಹುಲ್ಲು ಸರಿಸಲು ಉದ್ದನೆಯ ಕೋಲು ಇರಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹಾವು ಕಡಿತದಿಂದ ವರ್ಷಕ್ಕೆ 81,000ದಿಂದ 1,38,000 ಜನ ಸಾಯುತ್ತಾರೆ. ಕಡಿದಾಗ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂಜುಗಡ್ಡೆ ಇಡುವುದು, ಇವು ಯಾವುವೂ ಬೇಡ. ಊತ ಬರುವ ಮುನ್ನ ಉಂಗುರ, ಬಳೆ, ಗಡಿಯಾರ ತೆಗೆಯಿರಿ; ಕಡಿದ ಅಂಗವನ್ನು ಅಲುಗಾಡದಂತೆ ಆಸರೆ ಕೊಟ್ಟು ನಿಲ್ಲಿಸಿ; ಗಾಯಾಳುವನ್ನು ಆದಷ್ಟು ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಿ. ಆಸ್ಟ್ರೇಲಿಯಾದಲ್ಲಿ ರೂಢಿಯಲ್ಲಿರುವ ಒತ್ತುಪಟ್ಟಿ ವಿಧಾನ (ಕಡಿದ ಅಂಗಕ್ಕೆ ಉದ್ದಕ್ಕೂ ಬ್ಯಾಂಡೇಜ್ ಪಟ್ಟಿ ಒತ್ತಿ ಸುತ್ತುವುದು) ಎಲ್ಲ ಜಾತಿಯ ಕಡಿತಕ್ಕೂ ಹೊಂದುವುದಿಲ್ಲ, ಆದ್ದರಿಂದ ಅಲ್ಲಲ್ಲಿನ ವೈದ್ಯರ ಸೂಚನೆಯನ್ನೇ ಪಾಲಿಸಿ. ಹಾವನ್ನು ಹಿಡಿಯಲು, ಕೊಲ್ಲಲು ಹೋಗಲೇಬೇಡಿ. ಕತ್ತರಿಸಿ ಬಿದ್ದ ತಲೆಯೂ ಕಚ್ಚಬಲ್ಲದು.

ಇನ್ನೊಂದು ಮಾತು. ನೀವು ಬಳಸುವ ಸ್ಥಾನಸೂಚಿ (ಅಕ್ಷಾಂಶ, ರೇಖಾಂಶದ ಅಂಕಿಗಳು) ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿರುತ್ತದೆ. 12 ಡಿಗ್ರಿ 30 ನಿಮಿಷವೆಂದರೆ 12.5 ಡಿಗ್ರಿ. ಫೋನಿನಲ್ಲಿ ಗಾಬರಿಯಿಂದ ಹೇಳಿದ್ದನ್ನು ಯಾರಾದರೂ 12.30 ಎಂದು ಬರೆದುಕೊಂಡರೆ ಆಂಬುಲೆನ್ಸ್ ಸುಮಾರು 22 ಕಿಲೋಮೀಟರ್ ಆಚೆಗೆ ಹೋಗುತ್ತದೆ. ದಾರಿಯ ಪ್ರವೇಶದ್ವಾರದ ಸ್ಥಾನವನ್ನು ಎರಡೂ ರೂಪದಲ್ಲಿ, ಹತ್ತಿರದ ಆಸ್ಪತ್ರೆಯ ಹೆಸರಿನೊಂದಿಗೆ, ವಿವರದ ಮೊದಲ ಸಾಲಿನಲ್ಲೇ ಬರೆಯಿರಿ.

ದಿಕ್ಸೂಚಿ:

ಇಬ್ಬರಿಗೂ ಧನ್ಯವಾದಗಳು. ದಿಮ್ಮಿಗಳ ಬಳಿ ಗುರುತಿಸಿದ್ದ ಜಾಗಗಳನ್ನು ಕೈಬಿಟ್ಟು, ಕೈಹಿಡಿ ಕಂಬಗಳಿರುವ ಭಾಗಕ್ಕೇ ಸೀಮಿತಗೊಳಿಸುತ್ತೇನೆ. ಸಂಜೆ ಬರುವವರಿಗೆ ಏನು ಹೇಳಲಿ?

ಏರಿದಾರಿ:

ಬೇಸಗೆಯಲ್ಲಿ ಹಲವು ಹಾವುಗಳು ಹೊರಡುವುದೇ ಮುಸ್ಸಂಜೆಯ ಹೊತ್ತಿಗೆ. ಬಿಸಿಲು ಹೀರಿದ ಹಲಗೆ ಕತ್ತಲಾದ ಮೇಲೂ ಬೆಚ್ಚಗಿರುವುದರಿಂದ ಅಲ್ಲಿಯೇ ಮೈಚಾಚಿರುವುದೂ ಉಂಟು. “ಹಗಲಿನಲ್ಲಿ ಮಾತ್ರ” ಎಂದು ಬರೆಯಿರಿ, ನೀರು ಏರಿಗೆ ಬಂದ ದಿನಗಳಲ್ಲಿ ಡಬ್ಬಿಗಳನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ.